ಸಿಕ್ಸ್ತೊ ಪಿನ್ಕಾಯ್ ಸುಟ್ಟ ವರ್ಷಗಳು

ಸಿಕ್ಸ್ತೊ ಪಿನ್ಕಾಯ್ ಒಳ್ಳೆಯ ಮನುಷ್ಯ ಎಂದು ಯಾರಾದರೂ ನಿಮಗೆ ಹೇಳಿದರೆ, ಹೇಳಿದವರು ಅವನ ಎದುರುಮನೆಯಲ್ಲಿ ಇದ್ದವರಲ್ಲ ಎಂದು ತಿಳಿಯಿರಿ. ನಾನಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಅವನ ಬೊಂಬೆಗಳಿಗೆ ಬಟ್ಟೆ ಹೊಲಿಯುವವಳೂ ನಾನೇ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಬಂದದ್ದಿಲ್ಲ. ತೋಳು ಗಿಡ್ಡ, ಗುಂಡಿ ಜಾಸ್ತಿ, ಕಾಲರ್ ಸೊಟ್ಟ.

“ಸುಟ್ಟುಹೋಗೋ ಅಂಗಿಗೆ ಕಾಲರ್ ಯಾಕ್ರೀ ನೆಟ್ಟಗಿರ್ಬೇಕು?” ಎಂದು ಒಮ್ಮೆ ಕೇಳಿದೆ.

“ನಿನ್ನನ್ನೂ ಒಂದಿನ ಮಣ್ಣಿಗೆ ಹಾಕ್ತಾರೆ ಔಕ್ಸಿ. ಹರಕು ಲಂಗ ತೊಡ್ಸಿ ಕಳ್ಸೋಣ್ವಾ?” ಎಂದ.

ಅಂಥ ಬಾಯಿ ಅವನದು. ಎದುರಿಗೆ ನಾವೆಲ್ಲ ದೊನ್ ಸಿಕ್ಸ್ತೊ ಎನ್ನುತ್ತೇವೆ, ನೀವು ತಾವು ಎನ್ನುತ್ತೇವೆ. ಬೆನ್ನ ಹಿಂದೆ ಅವನು ‘ಅವನು’ ಅಷ್ಟೇ.

ನಮ್ಮ ಈ ಕರಾವಳಿಯಲ್ಲಿ ಡಿಸೆಂಬರ್ ಮೂವತ್ತೊಂದರ ಮಧ್ಯರಾತ್ರಿ ಹಳೆವರ್ಷವನ್ನು ಬೊಂಬೆ ಮಾಡಿ ಸುಡುತ್ತೇವೆ. ಬೇರೆ ಕೇರಿಗಳವರು ಮಂತ್ರಿಗಳನ್ನೂ ಮೇಯರುಗಳನ್ನೂ ಸುಡುತ್ತಾರೆ. ಲಾ ಪೊಸಾ ಕೇರಿಯವರಾದ ನಾವು ಸುಡುವುದು ಆಟಗಾರರನ್ನು. ಮಂತ್ರಿಗಳಿಂದ ನಾವು ಏನನ್ನೂ ನಿರೀಕ್ಷಿಸಿರಲಿಲ್ಲ, ಹಾಗಾಗಿ ಅವರ ಮೇಲೆ ಅಷ್ಟು ಸಿಟ್ಟೂ ಇಲ್ಲ. ಆಟಗಾರರ ವಿಷಯ ಬೇರೆ. ಅವರಿಗಾಗಿ ದೋಣಿ ಇಳಿಸದೆ ರೇಡಿಯೊ ಮುಂದೆ ಕೂತಿರುತ್ತೇವೆ, ಮೇಣದ ಬತ್ತಿ ಹಚ್ಚಿರುತ್ತೇವೆ, ಕೊನೆಗೆ ಅವರು ಸೋತು ಬರುತ್ತಾರೆ. ನಮ್ಮ ಕೇರಿಯಲ್ಲಿ ಇಸವಿಯ ಲೆಕ್ಕ ಯಾರಿಗೂ ಬೇಕಿಲ್ಲ. ನನ್ನ ಮಗಳು ಹುಟ್ಟಿದ್ದು ಪೆನಾಲ್ಟಿ ಹಾಳು ಮಾಡಿದವನನ್ನು ಸುಟ್ಟ ವರ್ಷ. ನನ್ನ ಗಂಡ ಮನೆ ಬಿಟ್ಟು ಹೋದದ್ದು ಕುಸ್ತಿಪಟುವನ್ನು ಸುಟ್ಟ ವರ್ಷ. ಗಂಡನನ್ನು ಸುಡುವ ರೂಢಿ ಇಲ್ಲ, ಇದ್ದಿದ್ದರೆ ಆ ವರ್ಷ ಎರಡು ಬೊಂಬೆಗೆ ಹೇಳುತ್ತಿದ್ದೆ.

ಸಿಕ್ಸ್ತೊ ಕೂಡ ಒಮ್ಮೆ ಸುಟ್ಟುಹೋದವನೇ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಅವನು ನಮ್ಮ ಕೇರಿಯ ತಂಡದ ಗೋಲ್‌ಕೀಪರ್. ಪಕ್ಕದ ಬಂದರಿನವರ ಮೇಲೆ ಜಿಲ್ಲೆಯ ಫೈನಲ್. ಆಟ ಮುಗಿಯಲು ಇನ್ನೇನು ಒಂದು ನಿಮಿಷ ಇರುವಾಗ ಅವರ ಚೆಂಡು ನಮ್ಮವನೇ ಒಬ್ಬನ ಹಿಮ್ಮಡಿಗೆ ತಗುಲಿ ತಿರುಗಿತು. ಸಿಕ್ಸ್ತೊ ಆಗಲೇ ಎಡಕ್ಕೆ ಹಾರಿಯಾಗಿತ್ತು, ಚೆಂಡು ಬಲಕ್ಕೆ ಹೋಯಿತು. ಹಿಮ್ಮಡಿಗೆ ತಗುಲಿದ್ದನ್ನು ಕಂಡವರು ಗೋಲಿನ ಹಿಂದೆ ನಿಂತಿದ್ದ ನಾಲ್ಕೈದು ಜನ ಮಾತ್ರ. ಮಿಕ್ಕ ಲಾ ಪೊಸಾ ಕಂಡದ್ದು ಬರಿಗಾಳಿಗೆ ಹಾರಿದ ಒಬ್ಬ ಪೆದ್ದನನ್ನು. ಆ ಡಿಸೆಂಬರಿನಲ್ಲಿ ಅವನ ಬೊಂಬೆ ನಿಂತಿತು, ಎರಡೂ ಅಂಗೈಗೆ ಹಂದಿಯ ಕೊಬ್ಬು ಸವರಿಕೊಂಡು. ಸುಡುವ ಮುಂಚೆ ಬೊಂಬೆಯ ಉಯಿಲು ಓದುವುದು ನಮ್ಮ ಪದ್ಧತಿ, ಸಾಯುವ ವರ್ಷ ಯಾರಿಗೆ ಏನು ಬಿಟ್ಟುಹೋಗುತ್ತದೆ ಎಂದು. ‘ನನ್ನ ಕೈಗಳನ್ನು ಹಾವುಮೀನು ಹಿಡಿಯುವವರಿಗೆ ಬಿಟ್ಟು ಹೋಗುತ್ತೇನೆ’ ಎಂದು ಓದಿದರು. ನನಗಾಗ ಎಂಟು ವರ್ಷ. ಅಪ್ಪನ ಹೆಗಲ ಮೇಲೆ ಕೂತು ಚಪ್ಪಾಳೆ ತಟ್ಟಿದ್ದು ನೆನಪಿದೆ.

ಮಾರನೆಯ ವರ್ಷ ಅವನೇ ಬೊಂಬೆ ಮಾಡಲು ಕೂತ. ಎರಡೇ ವರ್ಷದಲ್ಲಿ ಹಳೆಯ ಬೊಂಬೆಯವನ ಅಂಗಡಿ ಮುಚ್ಚಿಸಿದ. ಕುಡಿದ ಒಂದು ದಿನ ನನ್ನ ಬಳಿ ಬಾಯಿಬಿಟ್ಟಿದ್ದ: “ಮಾಡೋನ ಜಾಗದಲ್ಲಿ ಕೂತ್ಬಿಟ್ರೆ ಸುಡೋರ ಪಟ್ಟೀಲಿ ಹೆಸರು ಬರಲ್ಲ ಔಕ್ಸಿ.” ನಲವತ್ತೇಳು ವರ್ಷ ಆ ಜಾಗ ಬಿಟ್ಟು ಏಳಲಿಲ್ಲ. ಮದುವೆಯಾಗಲಿಲ್ಲ, ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ದೋಣಿ ಕಟ್ಟುವಲ್ಲಿಂದ ಮರದ ಹೊಟ್ಟು ತರುವುದು, ಮೈದಾ ಅಂಟು ಕುದಿಸುವುದು, ಬೀದಿನಾಯಿ ನೆಕ್ಕದಂತೆ ಅದಕ್ಕೆ ಖಾರದಪುಡಿ ಹಾಕುವುದು, ಮಣ್ಣಿನ ಅಚ್ಚಿನ ಮೇಲೆ ಹಳೆಯ ಪತ್ರಿಕೆ ಹಚ್ಚುವುದು. ಮುಖಕ್ಕೆ ಕ್ರೀಡಾಪುಟ, ಹೊಟ್ಟೆಗೆ ರಾಜಕೀಯ. ರಾಜಕೀಯ ಬೇಗ ಹತ್ತಿಕೊಳ್ಳುತ್ತದಂತೆ.

ನಾನು ಹೇಳಹೊರಟ ವರ್ಷ ಅವನ ಕೈತುಂಬ ಕೆಲಸವಿತ್ತು, ಅಷ್ಟು ದರಿದ್ರ ವರ್ಷ ಅದು. ಮಾರ್ಚಿನಲ್ಲಿ ನಮ್ಮ ಬಾಕ್ಸರ್ ಆರನೆಯ ಸುತ್ತಿಗೆ ಏಳದೆ ಸ್ಟೂಲಿನ ಮೇಲೆ ಕೂತೇಬಿಟ್ಟ. ಜೂನಿನಲ್ಲಿ ದೇಶದ ತಂಡ ಹೊರದೇಶಕ್ಕೆ ಹೋಗಿ ನಾಲ್ಕು ಗೋಲು ತಿಂದು ಬಂತು. ಜುಲೈನಲ್ಲಿ ಒಬ್ಬ ಸೈಕಲ್ಲಿನವನು ಇನ್ನೂ ಒಂದು ಸುತ್ತು ಬಾಕಿಯಿರುವಾಗ ಗೆದ್ದೆನೆಂದು ಎರಡೂ ಕೈ ಎತ್ತಿದ, ಹದಿನೇಳು ಜನ ಅವನನ್ನು ದಾಟಿ ಹೋದರು. ಯಾವುದೋ ದೇಶದ ಓಟಗಾರ ಉಚ್ಚೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಫೆಡರೇಷನ್ನಿನ ಅಧ್ಯಕ್ಷ ತಂಡದ ವಿಮಾನದಲ್ಲಿ ಇಬ್ಬರು ಭಾವಮೈದುನರನ್ನು ಕೂರಿಸಿ ಇಬ್ಬರು ಆಟಗಾರರನ್ನು ಇಲ್ಲೇ ಬಿಟ್ಟು ಹೋದ. ಎಲ್ಲರ ಬೊಂಬೆಗೂ ಬೇಡಿಕೆ ಬಂತು. ಆದರೆ ಸೆಪ್ಟೆಂಬರಿನಲ್ಲಿ ಆದದ್ದರ ಮುಂದೆ ಇವೆಲ್ಲ ಸಪ್ಪೆ.

ಗ್ಲೆಂಡಿ ಮೇರೊ ನಮ್ಮ ಕೇರಿಯ ಹುಡುಗಿ. ಅವಳ ತಾಯಿ ಬಂದರಿನ ಬಾಗಿಲಲ್ಲಿ ಮೀನು ತುಂಬಿದ ಬಾಳೆಕಾಯಿ ಉಂಡೆ ಕರಿದು ಮಾರುತ್ತಾಳೆ. ಗ್ಲೆಂಡಿಯದು ನಡಿಗೆಯ ಸ್ಪರ್ಧೆ. ಬೆಳಗಿನ ಜಾವ ಸಮುದ್ರದ ಕಟ್ಟೆಯ ಮೇಲೆ ಸೊಂಟ ತಿರುಗಿಸುತ್ತ ಬಿರಬಿರನೆ ನಡೆಯುತ್ತಿದ್ದಳು. ಒಂಬತ್ತು ವರ್ಷ ಇಡೀ ಕೇರಿ ಅವಳನ್ನು ಬಾತುಕೋಳಿ ಎಂದು ಕರೆಯಿತು. ಖಂಡದ ಪಂದ್ಯದಲ್ಲಿ ಎರಡನೆಯವಳಾಗಿ ಬಂದ ದಿನವೇ ‘ನಮ್ಮ ಹುಡುಗಿ’ ಆಗಿಬಿಟ್ಟಳು.

ಸೆಪ್ಟೆಂಬರಿನಲ್ಲಿ ವಿಶ್ವ ಪಂದ್ಯ. ಮಂಜುಗಡ್ಡೆ ಡಿಪೋದ ವಾಷಿಂಗ್ಟನ್, ಹಳೆವರ್ಷದ ಕಮಿಟಿಯ ಮುಖ್ಯಸ್ಥನೂ ಅವನೇ, ತನ್ನ ಗೋಡೆಗೆ ದೊಡ್ಡ ಪರದೆ ಕಟ್ಟಿಸಿದ. ವಾದ್ಯದವರನ್ನು ಕರೆಸಿದ. ನಿನ್ನೆಯವರೆಗೆ ನಕ್ಕವರೆಲ್ಲ ಒಂದೇ ರಾತ್ರಿಯಲ್ಲಿ ನಿಯಮ ಕಲಿತು ಬಂದಿದ್ದರು: ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು, ಎರಡೂ ಎದ್ದರೆ ಅದು ನಡಿಗೆಯಲ್ಲ ಓಟ, ಮೂವರು ತೀರ್ಪುಗಾರರು ಕೆಂಪು ಕಾರ್ಡು ಬರೆದರೆ ಹೊರಗೆ. ಇಪ್ಪತ್ತರಲ್ಲಿ ಹತ್ತೊಂಬತ್ತು ಕಿಲೋಮೀಟರ್ ಮುಗಿದಾಗ ಗ್ಲೆಂಡಿ ಎರಡನೆಯ ಸ್ಥಾನದಲ್ಲಿದ್ದಳು. ದಾರಿಬದಿಯ ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಎರಡು ಕೆಂಪು ಬಿದ್ದಿದ್ದವು. ಕೊನೆಯ ಮುನ್ನೂರು ಮೀಟರ್ ಇರುವಾಗ ಮುಖ್ಯ ತೀರ್ಪುಗಾರ ರಸ್ತೆಗಿಳಿದು ಕೆಂಪು ಹಲಗೆ ಹಿಡಿದ. ಅವಳು ಪಕ್ಕಕ್ಕೆ ಸರಿದು ಕಲ್ಲಿನ ಮೇಲೆ ಕೂತಳು. ವಾದ್ಯದವರು ಏನು ಮಾಡಬೇಕೆಂದು ತಿಳಿಯದೆ ಬಾರಿಸುತ್ತಲೇ ಇದ್ದರು.

ನಾನು ಅತ್ತೆ. ಆಮೇಲೆ ಬೈದೆ. ಮುಚ್ಚಿಡುವುದಿಲ್ಲ, “ಓಡಿದ್ಲು, ಹಾಳಾದೋಳು!” ಎಂದು ಆ ಜಾತ್ರೆಯಲ್ಲಿ ಮೊದಲು ಕೂಗಿದ ನಾಲ್ಕು ಗಂಟಲುಗಳಲ್ಲಿ ಒಂದು ನನ್ನದು.

ನವೆಂಬರಿನಲ್ಲಿ ವಾಷಿಂಗ್ಟನ್ ಸಿಕ್ಸ್ತೊನ ಅಂಗಡಿಗೆ ಬಂದ. “ಈ ಸಲದ ದೊಡ್ಡ ಬೊಂಬೆ ಗ್ಲೆಂಡಿ. ಓಡ್ತಾ ಇರ್ಬೇಕು. ಎರಡೂ ಕಾಲು ಗಾಳೀಲಿ. ಬೂಟಿಗೆ ರೆಕ್ಕೆ ಹಚ್ಚಿ.”

“ರೆಕ್ಕೆ ಹಚ್ಚೋಕೆ ಅವಳೇನು ದೇವದೂತೆನಾ? ಕಾಲು ಎತ್ತಿದ್ರೆ ಸಾಕು,” ಎಂದ ಸಿಕ್ಸ್ತೊ. ಒಪ್ಪಿಕೊಂಡ ಎಂದೇ ಅದರ ಅರ್ಥ. ನನಗೆ ಚಡ್ಡಿ ಬನಿಯನ್ನಿನ ಅಳತೆ ಕೊಟ್ಟ.

ಗ್ಲೆಂಡಿ ಡಿಸೆಂಬರ್ ಮೊದಲ ವಾರ ಮನೆಗೆ ಬಂದಳು. ಬರದಿದ್ದರೆ ಒಳ್ಳೆಯದಿತ್ತು. ಅವಳು ಬ್ರೆಡ್ಡಿನಂಗಡಿಗೆ ಹೋದರೆ ಗಂಡಸರು ಎರಡೂ ಕಾಲು ಜೋಡಿಸಿ ಕುಪ್ಪಳಿಸಿ ತೋರಿಸಿದರು. ಅವಳ ತಾಯಿಯ ಗಾಡಿಯ ಮೇಲಿನ ಕರೆಂಟು ತಂತಿಗೆ ಯಾರೋ ಹಳೆಯ ಬೂಟು ಎಸೆದು ನೇತುಹಾಕಿದರು. ಉಂಡೆ ಕೊಳ್ಳುವವರು ಕಡಿಮೆಯಾದರು. ನಾನೂ ಆ ವಾರ ಬೇರೆ ಗಾಡಿಯಲ್ಲಿ ತಿಂದೆ.

ಒಂದು ಮಧ್ಯಾಹ್ನ ಅವಳು ನೇರ ಅಂಗಡಿಯೊಳಕ್ಕೆ ಬಂದಳು. ನಾನು ಬಾಕ್ಸರ್ ಬೊಂಬೆಯ ಮೈ ಅಳೆಯುತ್ತಿದ್ದೆ.

“ನನ್ನ ಬೊಂಬೆ ಎಲ್ಲಿ?”

ಸಿಕ್ಸ್ತೊ ತಲೆ ಎತ್ತಲಿಲ್ಲ. “ಮೂಲೇಲಿದೆ. ಮುಟ್ಬೇಡ, ಇನ್ನೂ ಒಣಗಿಲ್ಲ.”

ಅವಳು ಹೋಗಿ ನೋಡಿದಳು. “ಮೂಗು ಇಷ್ಟು ದಪ್ಪ ಇಲ್ಲ ನಂದು.”

“ಇದೆ. ಸುಡ್ಬೇಡಿ ಅಂತ ಬೇಡ್ಕೊಳ್ಳೋಕೆ ಬಂದ್ಯಾ? ಎಲ್ರೂ ಬರ್ತಾರೆ. ಹೋದ ವರ್ಷ ಆ ರೆಫರಿಯ ಅಮ್ಮ ಕೋಳಿ ತಂದಿದ್ಲು. ಕೋಳಿ ತಿಂದೆ, ಮಗನ್ನ ಸುಟ್ಟೆ.”

“ಸುಡಿ, ಯಾರು ಬೇಡ ಅಂದ್ರು? ನಾನು ಸೋತಿದೀನಿ. ಸೋತೆ ಅಂತ ಸುಡಿ, ಬೋರ್ಡಲ್ಲಿ ಹೆಸರು ಬಂತು ಅಂತ ಸುಡಿ. ಆದ್ರೆ ಒಂದು ಕಾಲು ನೆಲ ಮುಟ್ಟಿರ್ಬೇಕು.”

“ಮೂರು ಜನ ತೀರ್ಪುಗಾರರು ನೋಡಿದಾರೆ ತಾಯಿ.”

“ಒಬ್ಬೊಬ್ಬರು ನೋಡಿದ್ದು ನಾಲ್ಕು ಹೆಜ್ಜೆ. ನಡೆದಿದ್ದು ಇಪ್ಪತ್ತು ಸಾವಿರ ಹೆಜ್ಜೆ. ನಾನು ಓಡಿಲ್ಲ ಅಜ್ಜಾ. ಓಡೋ ಹಾಗಿದ್ರೆ ಒಂಬತ್ತು ವರ್ಷ ಬಾತುಕೋಳಿ ಅನ್ನಿಸ್ಕೊಂಡು ಯಾಕೆ ನಡೀತಿದ್ದೆ?”

“ಹೋಗಮ್ಮ, ಕೆಲಸ ಇದೆ.”

ಅವಳು ಹೋಗಲಿಲ್ಲ. “ನಿಮ್ಮ ಬೊಂಬೆ ಮಾಡ್ದಾಗ ನೀವು ಹೋಗಿ ಕೇಳಿದ್ರಾ? ಚೆಂಡು ಹಿಮ್ಮಡಿಗೆ ತಾಗಿತ್ತು ಅಂತ ಹೇಳಿದ್ರಾ?”

ಅಂಟಿನ ಕುಂಚ ಅವಳ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಸಿಕ್ಸ್ತೊ ನನ್ನ ಕಡೆ ಕೆಂಡದ ಕಣ್ಣು ಬಿಟ್ಟ, ನಾನೇ ಹೇಳಿಕೊಟ್ಟೆ ಎಂದುಕೊಂಡು. ನಾನು ಹೇಳಿರಲಿಲ್ಲ. ಕಂಡವರ ಬಾಯಿಂದ ಇಡೀ ಕೇರಿಗೆ ಗೊತ್ತಾಗಿದ್ದ ವಿಷಯ ಅದು, ನಲವತ್ತೇಳು ವರ್ಷ ಎಲ್ಲರೂ ಗೊತ್ತಿಲ್ಲದ ಹಾಗೆ ಇದ್ದೆವು, ಅಷ್ಟೇ.

ಮರುದಿನದಿಂದ ಅವಳು ಅಭ್ಯಾಸಕ್ಕೆ ಕಟ್ಟೆಗೆ ಹೋಗುವುದನ್ನು ಬಿಟ್ಟಳು. ಅಂಗಡಿಯ ಮುಂದಿನ ಓಣಿಯಲ್ಲೇ ನಡೆದಳು, ಈ ತುದಿಯಿಂದ ಆ ತುದಿಗೆ, ಒಂದೊಂದು ದಿನ ನಲವತ್ತು ಸಲ. ಸಿಕ್ಸ್ತೊ ಒಳಗಿಂದಲೇ ಕೂಗಾಡಿದ: “ಧೂಳೆಬ್ಬಿಸ್ಬೇಡ್ವೇ! ಬಣ್ಣದ ಮೇಲೆ ಕೂರುತ್ತೆ!” ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ಅವನ ಕುರ್ಚಿ ಬಾಗಿಲ ಬಳಿ ಬಂತು. ಆರನೆಯ ದಿನ ಮೋಟು ಮಣೆಯ ಮೇಲೆ ಕೂತಿದ್ದ. ಎಂಟನೆಯ ದಿನ ನಾನು ಬಟ್ಟೆ ಕೊಡಲು ಹೋದರೆ, ಎಪ್ಪತ್ತೊಂದರ ಮುದುಕ ಓಣಿಯಲ್ಲಿ ಬೋರಲು ಮಲಗಿ, ಕೆನ್ನೆ ಮಣ್ಣಿಗೆ ಹಚ್ಚಿ, ಒಂದು ಕಣ್ಣು ಮುಚ್ಚಿಕೊಂಡು ಅವಳ ಪಾದ ನೋಡುತ್ತಿದ್ದ. ನನಗೆ ನಗು ತಡೆಯಲಿಲ್ಲ.

“ಏನ್ ಕಾಣ್ತು ದೊನ್ ಸಿಕ್ಸ್ತೊ?”

ಅವನು ಎದ್ದು ಮೈ ಕೊಡವಿದ. “ಹತ್ತರಲ್ಲಿ ಒಂದ್ಸಲ ಬಿಡ್ತಾಳೆ. ಸುಸ್ತಾದಾಗ.”

“ನೋಡಿದ್ರಾ! ಮತ್ತೆ ನಾವು ಹೇಳಿದ್ದೇನು?”

“ಒಂಬತ್ತು ಸಲ ಮುಟ್ಟುತ್ತೆ,” ಎಂದ. “ಬೊಂಬೆಗೆ ಇರೋದು ಒಂದೇ ಹೆಜ್ಜೆ. ನಾನು ಒಂಬತ್ತನ್ನ ಮಾಡ್ತೀನಿ.”

ಅದೇ ಸಂಜೆ ಹಳೆಯ ಕಾಲುಗಳನ್ನು ಗರಗಸದಿಂದ ಕೊಯ್ದು ಹಾಕಿದ. ಅಲ್ಲಿಂದಾಚೆಗೆ ಅವರಿಬ್ಬರ ಜಗಳ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು.

“ಮೊಣಕಾಲು ಬಗ್ಗಿದೆ ಅಜ್ಜಾ. ನೆಲ ಮುಟ್ಟೋವಾಗ ನೆಟ್ಟಗಿರ್ಬೇಕು.”

“ಒಳಗಿರೋದು ಕಬ್ಬಿಣದ ಸರಳು. ಅದು ಹೇಗೆ ಬಗ್ಗುತ್ತೆ?”

“ನೀವು ಬಗ್ಸಿದೀರಾ. ಮತ್ತೆ ಮೊದಲು ತಾಗೋದು ಹಿಮ್ಮಡಿ, ಅಂಗಾಲಲ್ಲ.”

“ನಲವತ್ತೇಳು ವರ್ಷದಿಂದ ಕಾಲು ಮಾಡ್ತಿದೀನಿ ಕಣೇ!”

“ನಲವತ್ತೇಳು ವರ್ಷದಿಂದ ತಪ್ಪು ಮಾಡ್ತಿದೀರಾ.”

ಆ ಮುದುಕನಿಗೆ ಹೀಗೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ. ಬೈದುಕೊಂಡೇ ತಿದ್ದಿದ. ಮೂರು ಸಲ ತಿದ್ದಿದ.

ಸುದ್ದಿ ವಾಷಿಂಗ್ಟನ್ ಕಿವಿಗೆ ಬೀಳದೆ ಇರುತ್ತದೆಯೆ. ಕ್ರಿಸ್ಮಸ್ಸಿನ ಮಾರನೆಯ ದಿನ ಬಂದು ಬೊಂಬೆಯ ಸುತ್ತ ಒಂದು ಸುತ್ತು ಹಾಕಿದ. “ಇದೇನ್ರೀ ದೊನ್ ಸಿಕ್ಸ್ತೊ? ಕಮಿಟಿ ಹೇಳಿದ್ದೇನು, ನೀವು ಮಾಡಿರೋದೇನು?”

“ಕಮಿಟಿ ತಪ್ಪು ಹೇಳಿತ್ತು.”

“ಕೇರಿಗೆ ಬೇಕಾದ್ದನ್ನ ಕೇರಿ ಸುಡುತ್ತೆ.”

“ಹಾಗಾದ್ರೆ ಕೇರಿನೇ ಮಾಡ್ಕೊಳ್ಲಿ. ತಗೋ ಅಂಟು. ಒಂದು ಮೂಗು ಮಾಡಿ ತೋರ್ಸು ನೋಡೋಣ.”

ವಾಷಿಂಗ್ಟನ್ ನಕ್ಕ. ಅವನು ನಕ್ಕರೆ ನನಗೆ ಆಗುವುದಿಲ್ಲ. “ಬಿಡಿ. ಮುಂದಿನ ವರ್ಷ ಯಾರನ್ನ ಸುಡ್ಬೇಕು ಅನ್ನೋದು ಕಮಿಟಿಗೆ ಈಗ್ಲೇ ಗೊತ್ತಾಯ್ತು. ಹಳೇ ಗೋಲ್‌ಕೀಪರೂ ಆಟಗಾರನೇ ತಾನೆ?”

ಅವನು ಹೋದ ಮೇಲೆ ಸಿಕ್ಸ್ತೊ ಅಂಟಿಗೆ ಖಾರದಪುಡಿ ಹಾಕಿದ, ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದ. ನಲವತ್ತೇಳು ವರ್ಷ ಊರನ್ನೆಲ್ಲ ಸುಟ್ಟು ಕಾಪಾಡಿಕೊಂಡ ಹೆಸರು ಒಂದು ಹೆಣ್ಣಿನ ಹಿಮ್ಮಡಿಗೋಸ್ಕರ ಮತ್ತೆ ಪಟ್ಟಿಗೆ ಬಿತ್ತು. “ಇನ್ನೂ ಐದು ದಿನ ಇದೆ, ಕಾಲು ಬದಲಾಯಿಸಿಬಿಡಿ,” ಎಂದೆ. “ನೀನು ಚಡ್ಡಿ ಹೊಲಿ,” ಎಂದ.

ಮೂವತ್ತೊಂದರ ಮಧ್ಯಾಹ್ನ ನಾಲ್ಕು ಗಂಟೆಗೆ ಬೊಂಬೆಗಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತವು. ಸ್ಟೂಲಿನ ಮೇಲೆ ಬಾಕ್ಸರ್, ಕೈ ಎತ್ತಿದ ಸೈಕಲ್ಲಿನವನು, ಭಾವಮೈದುನರನ್ನು ಹೆಗಲ ಮೇಲೆ ಹೊತ್ತ ಅಧ್ಯಕ್ಷ. ಸತ್ತ ವರ್ಷದ ವಿಧವೆಯರ ವೇಷ ಹಾಕಿದ ಗಂಡಸರು ಚಿಲ್ಲರೆ ಕಾಸಿಗಾಗಿ ಕಾರುಗಳನ್ನು ಅಡ್ಡಗಟ್ಟಿ ಎದೆ ಬಡಿದುಕೊಂಡು ಅಳುತ್ತಿದ್ದರು. ಗ್ಲೆಂಡಿಯ ಬೊಂಬೆಯನ್ನು ಸಿಕ್ಸ್ತೊ ತಾನೇ ತಳ್ಳುಗಾಡಿಯಲ್ಲಿ ತಂದು ನೆಲದ ಮೇಲೆ ನಿಲ್ಲಿಸಿದ. ಹಿಮ್ಮಡಿ ಕಲ್ಲಿಗೆ ತಾಗಿತ್ತು, ಬೆರಳು ಮೇಲೆದ್ದಿತ್ತು. ನಿಜ ಹೇಳಬೇಕೆಂದರೆ ಅವನು ಮಾಡಿದ್ದರಲ್ಲೆಲ್ಲ ಅದೇ ಚೆಂದದ ಬೊಂಬೆ.

ಅಷ್ಟರಲ್ಲಿ ವಾಷಿಂಗ್ಟನ್ನಿನ ಆಳುಗಳು ಹಗ್ಗ ತಂದರು. ನಮ್ಮಲ್ಲಿ ಆ ವರ್ಷದ ದೊಡ್ಡ ಬೊಂಬೆ ಕಂಬಕ್ಕೆ ಏರಬೇಕು, ಎಲ್ಲರಿಗೂ ಕಾಣುವಂತೆ. ಯಾವತ್ತಿನಿಂದಲೂ ಹಾಗೆಯೇ. ಆ ಕಂಬದ ಗುಂಡಿ ತೋಡಿದವನೇ ಸಿಕ್ಸ್ತೊ. ಮೂರು ವಾರ ಪಾದ, ಹಿಮ್ಮಡಿ, ಮೊಣಕಾಲು ಎಂದು ಜಗಳಾಡಿದ ಅವರಿಬ್ಬರಿಗೂ, ಪಕ್ಕದಲ್ಲೇ ಹೊಲಿಯುತ್ತ ಕೂತ ನನಗೂ, ಕಂಬದ ನೆನಪೇ ಆಗಿರಲಿಲ್ಲ. ಬೆನ್ನಿಗೆ ಕೊಕ್ಕೆ ಸಿಕ್ಕಿಸಿ ಎಳೆದರು. ಬೊಂಬೆಯ ಗ್ಲೆಂಡಿ ಎದೆಯೆತ್ತರಕ್ಕೆ ಏರಿ ನಿಂತಳು. ಎರಡೂ ಪಾದ ಗಾಳಿಯಲ್ಲಿ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ಓಡ್ತಾ ಇದಾಳೆ ನೋಡ್ರೋ!” ವಾಷಿಂಗ್ಟನ್ ರಾತ್ರಿಯವರೆಗೂ ಕಾಯದೆ ಮೈಕು ಹಿಡಿದು ಉಯಿಲು ಶುರು ಮಾಡಿದ: “ನೆಲಕ್ಕೆ ಬೇಡವಾದ ನನ್ನ ಪಾದಗಳನ್ನ ಕಡಲಹಕ್ಕಿಗಳಿಗೆ ಬಿಟ್ಟು ಹೋಗ್ತೀನಿ! ನನ್ನ ಬೂಟುಗಳನ್ನ ಅಮ್ಮನ ಗಾಡಿ ಮೇಲಿನ ತಂತಿಗೆ ಬಿಟ್ಟು ಹೋಗ್ತೀನಿ!”

ನಿಜದ ಗ್ಲೆಂಡಿ ತಾಯಿಯ ಗಾಡಿಯ ಪಕ್ಕದಲ್ಲಿದ್ದಳು. ಅಳಲಿಲ್ಲ. ಆ ಕಲ್ಲಿನ ಮೇಲೆ ಕೂತಾಗ ಪರದೆಯಲ್ಲಿ ಕಂಡಿತ್ತಲ್ಲ, ಅದೇ ಮುಖ.

ಸಿಕ್ಸ್ತೊ ತಿರುಗಿ ಮೀನು ಇಳಿಸುವ ಕಡೆಗೆ ನಡೆದ. ಬಂದಾಗ ಎರಡು ಮರದ ಮೀನುಪೆಟ್ಟಿಗೆ ಎಳೆದು ತಂದಿದ್ದ. ಕಂಬದ ಬುಡದಲ್ಲಿ ಇಟ್ಟು ಮತ್ತೆ ಹೋದ. ಮತ್ತೆ ಎರಡು. ಅವನು ಏನು ಮಾಡುತ್ತಿದ್ದಾನೆಂದು ಆಗ ಎಲ್ಲರಿಗೂ ತಿಳಿಯಿತು.

“ಏ ಮುದುಕಾ, ಚೆಂಡು ಹಿಡಿಯೋಕೆ ಬರ್ಲಿಲ್ಲ, ಪೆಟ್ಟಿಗೆ ಹಿಡೀತೀಯಾ?”

“ಕೈಗೆ ಕೊಬ್ಬು ಸವರಿಕೊಂಡಿಲ್ಲ ತಾನೆ?”

ಕಿತ್ತಳೆ ಸಿಪ್ಪೆ ಬಿತ್ತು, ಮೀನಿನ ತಲೆ ಬಿತ್ತು. ಅವನು ಒಂದರ ಮೇಲೊಂದು ಪೆಟ್ಟಿಗೆ ಪೇರಿಸಿದ. ನಾಲ್ಕಾಯಿತು. ಇನ್ನೂ ಒಂದು ಬೇಕಿತ್ತು. ಸುತ್ತ ನೋಡಿದ. ಒಂದರ ಮೇಲೆ ನಾನು ಕೂತಿದ್ದೆ.

ನೇರ ಬಂದು ನಿಂತ. “ಏಳು.”

“ಕೂತಿರಿ ಔಕ್ಸಿಯಕ್ಕ,” ಎಂದ ವಾಷಿಂಗ್ಟನ್ ಮೈಕಿನಲ್ಲಿ. “ಎದ್ದೋರು ಯಾರು ಅಂತ ಕಮಿಟಿ ಬರ್ಕೊಳ್ಳುತ್ತೆ.”

ನನಗೆ ಭಯವಾಯಿತು. ಈ ಕೇರಿಯಲ್ಲೇ ಬದುಕಬೇಕಾದವಳು ನಾನು. ಆ ಮುದುಕನಿಗಾಗಿ ಏಳಲು ನನಗೆ ಯಾವ ಋಣವೂ ಇರಲಿಲ್ಲ. ಆದರೆ ಅವಳು ಓಡಿದ್ದನ್ನು ನಾನು ಕಂಡಿರಲಿಲ್ಲ. ಬೋರ್ಡು ಕಂಡಿದ್ದೆ, ಹಲಗೆ ಕಂಡಿದ್ದೆ, ಪಕ್ಕದವನು ಕೂಗಿದ್ದು ಕೇಳಿ ಕೂಗಿದ್ದೆ. ಎದ್ದೆ.

ಅವನು ಪೆಟ್ಟಿಗೆ ಎತ್ತಿಕೊಂಡು ಹೋಗಿ ಮೇಲಿಟ್ಟ. ಬೊಂಬೆಯ ಪಾದ ಮರಕ್ಕೆ ತಾಗಿತು. ನಗು ಅಲ್ಲಲ್ಲಿ ನಿಂತಿತು. ಗ್ಲೆಂಡಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು, ಬಗ್ಗಿ ಪೆಟ್ಟಿಗೆಯ ಅಂಚಿಗೆ ಕೆನ್ನೆ ಹಚ್ಚಿ ನೋಡಿದಳು.

“ಬೆರಳು ತಾಗಿದೆ,” ಎಂದಳು. “ಹಿಮ್ಮಡಿ ತಾಗ್ಬೇಕು.”

“ಮೂರು ವಾರ ತಲೆ ತಿಂದಿದ್ದು ಸಾಲ್ದೇನೇ ನಿಂಗೆ?” ಎಂದು ಸಿಕ್ಸ್ತೊ ಕಿರುಚಿದ. ಕಿರುಚುತ್ತಲೇ ಕಂಬದ ಪಕ್ಕದ ಮೋಟುಗೋಡೆ ಹತ್ತಿ, ಬೊಂಬೆಯ ಸೊಂಟವನ್ನು ತೋಳಿನಲ್ಲಿ ಹಿಡಿದು ಹಿಂದಕ್ಕೆ ವಾಲಿಸಿ, ಕೊಕ್ಕೆಯ ಹಗ್ಗವನ್ನು ಕಂಬಕ್ಕೆ ಇನ್ನೊಂದು ಸುತ್ತು ಬಿಗಿದ. ಅವಳು ಹಿಮ್ಮಡಿಗೂ ಮರಕ್ಕೂ ನಡುವೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ. ಎದ್ದು ನಿಂತು ವಾಷಿಂಗ್ಟನ್ ಕಡೆ ತಿರುಗಿದಳು.

“ಈಗ ಸುಡಿ.”

ಸುಡುವುದಕ್ಕೆ ಇನ್ನೂ ಏಳು ಗಂಟೆ ಇತ್ತು. ಯಾರಾದರೂ ಪೆಟ್ಟಿಗೆ ಒದ್ದುಬಿಟ್ಟಾರು ಎಂದು ಸಿಕ್ಸ್ತೊ ಬೊಂಬೆಯ ಕಾಲಬುಡದಲ್ಲೇ ಕೂತ, ಬೆಂಕಿ ಹಚ್ಚುವವರೆಗೂ ಅಲ್ಲಿಂದ ಏಳಲಿಲ್ಲ.